ಪೆಟ್ಟಿಗೆಯಲ್ಲಿರುವ ಕ್ರಯಪತ್ರಗಳನ್ನು ಬಿಡಬೇಡ

ಪ್ರೀತಿಯ ತಂಗಿ,

ನಿನ್ನ ಕರಡು ಓದಿದೆ. ಜೊತೆಗೆ ಕಳಿಸಿದ ಹಳೆಯ ಕಾಗದಗಳ ಫೋಟೋಗಳನ್ನೂ ದೊಡ್ಡದು ಮಾಡಿಕೊಂಡು ಒಂದೊಂದಾಗಿ ನೋಡಿದೆ. ನಿನ್ನ ಮುತ್ತಾತನ ತಂದೆ ಬ್ರಿಟಿಷರ ಕಾಲದಲ್ಲಿ ಶೇಕದಾರರಾಗಿದ್ದವರು, ಅಂದರೆ ಹೋಬಳಿಯ ಕಂದಾಯದ ಅಧಿಕಾರಿ. ಅವರ ಬದುಕನ್ನು ಪುಸ್ತಕ ಮಾಡಬೇಕು ಅನ್ನುವ ನಿನ್ನ ಆಸೆ ನನಗೆ ತುಂಬ ಇಷ್ಟವಾಯಿತು. ಆದರೆ ಕರಡಿನಲ್ಲಿರುವ ಮನುಷ್ಯನೇ ಬೇರೆ, ಕಾಗದದಲ್ಲಿರುವ ಮನುಷ್ಯನೇ ಬೇರೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ಕಾಲದ ವಿಷಯ. ಅವರನ್ನು ನೀನು 'ಮಹಾರಾಜರ ನಂಬಿಕೆಯ ಅಧಿಕಾರಿ' ಅಂತ ಬರೆದಿದ್ದೀಯ. ಮನೆಯಲ್ಲಿ ಹಾಗೆ ಹೇಳಿಕೊಂಡು ಬಂದಿರಬಹುದು. ಆದರೆ 1831ರಲ್ಲೇ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿದ್ದರು. ಅದು ಅರಮನೆಗೆ ವಾಪಸ್ ಬಂದದ್ದು 1881ರಲ್ಲಿ. ನಡುವಿನ 50 ವರ್ಷ ಕಮಿಷನರುಗಳ ಕಾಲ. ಮಾರ್ಕ್ ಕಬ್ಬನ್, ಬೌರಿಂಗ್, ಆಮೇಲೆ ಬಂದವರು. ನಿನ್ನ ಶೇಕದಾರರ ನೌಕರಿ ಈ ಅವಧಿಯಲ್ಲೇ ಬರುತ್ತದೆ. ಅವರಿಗೆ ತಾಕೀದು ಬರುತ್ತಿದ್ದದ್ದು ತಾಲ್ಲೂಕು ನೋಡಿಕೊಳ್ಳುವ ಅಮಲ್ದಾರರಿಂದ, ಅಮಲ್ದಾರರಿಗೆ ಮೇಲಿನ ಕಚೇರಿಯಿಂದ. ಆ ಸಾಲಿನ ತುದಿಯಲ್ಲಿ ಇಂಗ್ಲಿಷ್ ಸಾಹೇಬರಿದ್ದರು. ಇದನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಡು. ಅದರಿಂದ ಅಜ್ಜನ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ.

ಎರಡನೆಯದು ಸಂವತ್ಸರ. ನಿನ್ನ ಬಳಿ ಇರುವ ಪತ್ರಗಳಲ್ಲಿ ಜಾಸ್ತಿಯವಕ್ಕೆ ಇಸವಿಯೇ ಇಲ್ಲ. ಸಂವತ್ಸರ, ಮಾಸ, ತಿಥಿ ಅಷ್ಟೇ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಅಲ್ವಾ? 'ಧಾತು' ಅಂದರೆ 1816 ಆಗಬಹುದು, 1876 ಆಗಬಹುದು, 1936 ಕೂಡ ಆಗಬಹುದು. ಶಾಲಿವಾಹನ ಶಕವನ್ನೂ ಬರೆದಿದ್ದರೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಅದೂ ಇಲ್ಲದಿದ್ದರೆ ಸಾಕ್ಷಿ ಹಾಕಿದವರ ಹೆಸರು, ಬಿಕಲಂ ಹಾಕಿದ, ಅಂದರೆ ಪತ್ರ ಬರೆದುಕೊಟ್ಟ ಶಾನುಭೋಗರ ಹೆಸರು, ಹಣದ ಲೆಕ್ಕ ವರಹದಲ್ಲಿದೆಯೋ ರೂಪಾಯಿಯಲ್ಲಿದೆಯೋ, ಇವನ್ನೆಲ್ಲ ನೋಡಿ ಕಾಲ ಗೊತ್ತುಮಾಡಬೇಕು. ಇನ್ನೊಂದು ಮಾತು. ಸಂವತ್ಸರ ಶುರುವಾಗುವುದು ಯುಗಾದಿಗೆ. ಧಾತು ಸಂವತ್ಸರದ ಮಾಘ ಮಾಸದ ಪತ್ರ 1877ಕ್ಕೆ ಸೇರುತ್ತದೆ, 1876ಕ್ಕಲ್ಲ. ನಿನ್ನ ಪಟ್ಟಿಯಲ್ಲಿ ಇಂಥ ಕೆಲವು ಪತ್ರಗಳು ಒಂದು ವರ್ಷ ಹಿಂದಕ್ಕೆ ಹೋಗಿವೆ, ಸರಿಮಾಡಿಕೋ. (ನಿಮ್ಮೂರು ಧಾರವಾಡದ ಕಡೆ ಇದ್ದಿದ್ದರೆ ಮರಾಠಿ ಕಾಗದಗಳ ಮೋಡಿ ಲಿಪಿ ಕಲಿ ಅನ್ನುತ್ತಿದ್ದೆ. ಬಳ್ಳಾರಿ ಅಥವಾ ಮಂಗಳೂರಿನ ಕಡೆ ಇದ್ದಿದ್ದರೆ ಕಂದಾಯದ ಲೆಕ್ಕದ ಫಸಲಿ ವರ್ಷಕ್ಕೆ 590 ಕೂಡಿಸು ಅನ್ನುತ್ತಿದ್ದೆ. ನಿನಗೆ ಆ ತಾಪತ್ರಯ ಇಲ್ಲ.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಿನ್ನ ಕರಡಿನಲ್ಲಿ ಒಂದು ವಾಕ್ಯವಿದೆ: 'ಅವರು ಕಷ್ಟಪಟ್ಟು ದುಡಿದು ಜಮೀನು ಮಾಡಿದರು.' ನೀನೇ ಕಳಿಸಿದ ಕ್ರಯಪತ್ರಗಳ ತಾರೀಖು ನೋಡು. ಹೆಚ್ಚಿನವು ಧಾತು ಮತ್ತು ಈಶ್ವರ ಸಂವತ್ಸರದವು. ಅಂದರೆ 1876ರಿಂದ 1878ರ ಆರಂಭದವರೆಗೆ. ಆ ಎರಡು ಸಂವತ್ಸರಗಳ ಹೆಸರಿನಲ್ಲೇ ಹಳೇ ಮೈಸೂರಿನ ಜನ ಆ ಬರವನ್ನು ನೆನೆಯುತ್ತಾರೆ, ಧಾತು ಈಶ್ವರ ಬರ ಅಂತ. ಮೈಸೂರು ಸೀಮೆ ಕಂಡ ಅತಿ ಭೀಕರ ಕ್ಷಾಮಗಳಲ್ಲಿ ಅದೊಂದು. 1876ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿದ್ದ ರಾಗಿ ಮುಗಿಯಿತು, ದನಕರು ಸತ್ತವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂಥ ಹೊತ್ತಿನಲ್ಲಿ ಹೋಬಳಿಯ ಕಂದಾಯ ವಸೂಲಿ ಮಾಡುವ ಅಧಿಕಾರಿ ಅದೇ ಹೋಬಳಿಯ ರೈತರಿಂದ ಜಮೀನು ಕೊಂಡಿದ್ದಾರೆ. ಮಾರಿದ ಕಾರಣವನ್ನು ಆ ಪತ್ರಗಳೇ ಹೇಳುತ್ತವೆ. ಒಂದರಲ್ಲಿ ಸಂಸಾರದ ಖರ್ಚು ಅಂತ ಇದೆ. ಇನ್ನೊಂದರಲ್ಲಿ ಕಂದಾಯದ ಬಾಕಿ ತೀರಿಸಲು ಅಂತ ಇದೆ. ಆ ಬಾಕಿ ವಸೂಲಿಗೆ ಬಂದವರು ಯಾರು, ಹೇಳು?

ಇದನ್ನು ನೋಡಿ ನಿನಗೆ ಕಸಿವಿಸಿ ಆಗಿದೆ ಅಂತ ನನಗೆ ಗೊತ್ತು. ಫೋಟೋ ಕಳಿಸಿದ್ದೀಯ, ಕರಡಿನಲ್ಲಿ ಮಾತ್ರ ಆ ಪತ್ರಗಳ ಸುದ್ದಿಯೇ ಇಲ್ಲ. ಬಿಡಬೇಡ. ನಿನ್ನ ಪುಸ್ತಕ ಇರುವುದೇ ಅಲ್ಲಿ.

ಹಾಗಂತ ಅಜ್ಜನನ್ನು ಸುಮ್ನೆ ಖಳನಾಯಕ ಮಾಡಿಬಿಡಬೇಡ. ಅದೂ ಹೊಗಳಿಕೆಯಷ್ಟೇ ಸುಲಭದ ದಾರಿ. ಮೊದಲು ಕೆಲಸ ಮಾಡು. ಬರಕ್ಕೆ ಮುಂಚೆ ಅದೇ ಊರಿನಲ್ಲಿ ಅಂಥದೇ ಜಮೀನು ಎಷ್ಟಕ್ಕೆ ಮಾರಾಟವಾಗಿತ್ತು? ಪೆಟ್ಟಿಗೆಯಲ್ಲಿ ಹಳೆಯ ಪತ್ರ ಒಂದಾದರೂ ಇದ್ದೀತು, ಹೋಲಿಸು. ಖುಷ್ಕಿಯನ್ನು (ಮಳೆ ನಂಬಿದ ಹೊಲ) ಖುಷ್ಕಿಗೆ, ತರಿಯನ್ನು (ನೀರಾವರಿಯ ಗದ್ದೆ) ತರಿಗೆ ಹೋಲಿಸಬೇಕು ಅನ್ನುವುದು ನೆನಪಿರಲಿ. ಎಲ್ಲವೂ ಪೂರ್ತಿ ಕ್ರಯವೋ, ಕೆಲವು ಸಾಲಕ್ಕೆ ಜಮೀನು ಬಿಟ್ಟುಕೊಡುವ ಭೋಗ್ಯವೋ? ಭೋಗ್ಯವಾದರೆ ಆಮೇಲೆ ಯಾರಾದರೂ ಹಣ ಕಟ್ಟಿ ಬಿಡಿಸಿಕೊಂಡರಾ? ಪತ್ರದ ಹಿಂಬದಿಯಲ್ಲಿ 'ಹಣ ಸಂದಿತು' ಅಂತ ಷರಾ ಇರಬಹುದು, ಕಾಗದ ತಿರುವಿ ನೋಡು. ನೀನು ಮುಂಬದಿಯ ಫೋಟೋ ಮಾತ್ರ ತೆಗೆದಿದ್ದೀಯ. ಸರ್ವೆ ಆದಮೇಲೆ ಆ ನಂಬರುಗಳ ಖಾತೆ ಯಾರ ಹೆಸರಿನಲ್ಲಿದೆ ಅನ್ನುವುದನ್ನೂ ಹುಡುಕು. ಭಾಗಪತ್ರಕ್ಕೂ ಅದಕ್ಕೂ ತಾಳೆ ನೋಡು. ಒಂದು ಕುಟುಂಬಕ್ಕೆ ಅಜ್ಜ ಜಮೀನು ವಾಪಸ್ ಕೊಟ್ಟಿದ್ದರೆ ಅದನ್ನೂ ಬರೆ. ಕೊಡದಿದ್ದರೆ ಅದನ್ನೂ ಬರೆ. ಅವರು ಏನು ಯೋಚಿಸಿದರು ಅನ್ನುವುದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅಲ್ಲಿ ನೀನು ಕಲ್ಪನೆಯಿಂದ ಒಂದು ಪುಟ ತುಂಬಿದ್ದೀಯ. ರಾತ್ರಿ ನಿದ್ದೆ ಬರದೆ ಜಗಲಿಯ ಮೇಲೆ ಕೂತಿದ್ದರು, ಕಣ್ಣು ಒದ್ದೆಯಾಗಿತ್ತು ಅಂತೆಲ್ಲ. ಆ ಪುಟ ತೆಗೆದುಹಾಕು. ಕಾದಂಬರಿ ಬರೆಯುವುದಾದರೆ ಕಾದಂಬರಿ ಅಂತಲೇ ಹೇಳಿ ಬರೆ. ನಿಜ ಅಂತ ಹೇಳಿ ಬರೆಯುವಾಗ ಓದುಗನಿಗೆ ಎಲ್ಲಿ ಕಾಗದ ಮುಗಿಯಿತು, ಎಲ್ಲಿ ಮನೆಮಾತು ಶುರುವಾಯಿತು ಅನ್ನುವುದು ಕಾಣಬೇಕು. 'ನಮ್ಮ ಮನೆಯಲ್ಲಿ ಹೀಗೆ ಹೇಳುತ್ತಾರೆ' ಅನ್ನುವ ಒಂದು ಸಾದಾ ವಾಕ್ಯ ಸಾಕು.

ಹೆಂಗಸರ ಬಗ್ಗೆ ಕೇಳಿದ್ದೀಯ. ಅಜ್ಜಿಯ ಹೆಸರೇ ಎಲ್ಲೂ ಸಿಗುತ್ತಿಲ್ಲ ಅಂತ. ಕಂದಾಯದ ಕಾಗದದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಭಾಗಪತ್ರ ಓದು, ವಿಧವೆಯರಿಗೆ ಜೀವನಾಂಶ ಬರೆದುಕೊಟ್ಟ ಕಡೆ ಹೆಸರು ಬರುತ್ತದೆ. ಒಡವೆಯ ಪಟ್ಟಿ ಇದ್ದರೆ ಅದನ್ನು ಓದು. ಮನೆಯಲ್ಲಿ ಶ್ರಾದ್ಧ ಮಾಡುವವರನ್ನು ಕೇಳು. ಅಪ್ಪ, ತಾತ, ಮುತ್ತಾತನ ಜೊತೆ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಅಲ್ಲಿ ಹೇಳುತ್ತಾರೆ. ಗಯೆಗೋ ಕಾಶಿಗೋ ಹಿರಿಯರು ಯಾರಾದರೂ ಹೋಗಿದ್ದರೆ ಅಲ್ಲಿನ ಪಂಡರ, ಅಂದರೆ ಯಾತ್ರಿಕರ ಪುರೋಹಿತರ ವಹಿಗಳಲ್ಲೂ ಕುಟುಂಬದ ಹೆಸರುಗಳು ಇರಬಹುದು.

ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಬೇಗ ಹೋಗಬೇಕು ಅಂತ ನೀನು ಆತುರಪಡುತ್ತಿದ್ದೀಯ. ಹೋಗು, ಆದರೆ ಸ್ವಲ್ಪ ತಡೆದು ಹೋಗು. ಊರು, ಹೋಬಳಿ, ತಾಲ್ಲೂಕಿನ ಹಳೆಯ ಹೆಸರುಗಳು ಮತ್ತು ವರ್ಷಗಳು ಕೈಯಲ್ಲಿರದೆ ಅಲ್ಲಿ ಕೂತರೆ ದಿನ ಹಾಳು. ತಾಲ್ಲೂಕುಗಳ ಗಡಿ ಹಲವು ಸಲ ಬದಲಾಗಿದೆ. ಶೇಕದಾರರಂಥ ಸಣ್ಣ ಅಧಿಕಾರಿಯ ಹೆಸರು ಸರ್ಕಾರಿ ಕಡತದಲ್ಲಿ ಬರುವುದು ವರ್ಗವಾದಾಗ, ದಂಡ ಬಿದ್ದಾಗ, ಅವರ ಮೇಲೆ ಯಾರಾದರೂ ಅರ್ಜಿ ಕೊಟ್ಟಾಗ. ಅಂಥ ಅರ್ಜಿ ಸಿಕ್ಕರೆ ನಿನ್ನ ಅದೃಷ್ಟ. ಬೈದು ಬರೆದವನ ಅರ್ಜಿಯಲ್ಲಿ ಅಜ್ಜ ನಡೆದಾಡುತ್ತಾರೆ, ಮಾತಾಡುತ್ತಾರೆ. ಮನೆಯ ಹೊಗಳಿಕೆಯಲ್ಲಿ ಅದು ಸಿಗುವುದಿಲ್ಲ. ಅದರ ಉತ್ತರವಾಗಿ ಅಜ್ಜ ಬರೆದ ಕೈಫಿಯತ್ತೂ ಅದೇ ಕಡತದಲ್ಲಿದ್ದರೆ ಎರಡನ್ನೂ ಪೂರ್ತಿ ನಕಲು ಮಾಡಿಕೋ. ನಿನಗೆ ಬೇಕಾದ ಸಾಲು ಮಾತ್ರ ಬರೆದುಕೊಂಡು ಎದ್ದುಬರಬೇಡ.

ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ. ಜಮೀನು ಮಾರಿದವರ ವಂಶದವರು ಈಗಲೂ ಅದೇ ಊರಿನಲ್ಲಿದ್ದಾರೆ, ಅವರ ಹಿರಿಯರ ಹೆಸರನ್ನು ಪುಸ್ತಕದಲ್ಲಿ ಹಾಕಬಹುದಾ ಅಂತ. ಅದನ್ನು ನೀನೂ ನಾನೂ ಕೂತು ತೀರ್ಮಾನಿಸುವುದಕ್ಕೆ ಆಗುವುದಿಲ್ಲ. ಅವರ ಮನೆಗೆ ಹೋಗು. ಕ್ರಯಪತ್ರದ ನಕಲು ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡು, ಓದಿ ಹೇಳು. ಅವರ ಹಿರಿಯರ ಸಹಿಯೋ ಗುರುತೋ ಇರುವ ಕಾಗದ ಅದು, ಅವರು ನೋಡಿಯೇ ಇರಲಿಕ್ಕಿಲ್ಲ. ಆ ಬರದಲ್ಲಿ ಅವರ ಮನೆಯಲ್ಲಿ ಯಾರು ಉಳಿದರು, ಯಾರು ಊರು ಬಿಟ್ಟರು ಅಂತ ಕೇಳು. ಹೆಳವರು ಅವರ ಮನೆಗೆ ಬಂದು ಪೀಳಿಗೆ ಹೇಳುವುದುಂಟಾ ಅಂತಲೂ ಕೇಳು. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಅವರು. ಬೈದರೆ ಬೈಸಿಕೋ. ಹೆಸರು ಹಾಕಬೇಡ ಅಂದರೆ ಹಾಕಬೇಡ. ಹಾಕು ಅಂದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ನಿನ್ನ ಅಜ್ಜನ ಕ್ರಯಪತ್ರದ ಪಕ್ಕದಲ್ಲೇ ಅಚ್ಚು ಮಾಡು.

ಅಲ್ಲಿಂದ ಬಂದಮೇಲೆ ಎರಡನೇ ಅಧ್ಯಾಯ ಹೊಸದಾಗಿ ಬರೆದು ಕಳಿಸು. ಪತ್ರಗಳ ಹಿಂಬದಿಯ ಫೋಟೋಗಳನ್ನೂ ಕಳಿಸು, ಇಬ್ಬರೂ ಕೂಡಿ ಓದೋಣ.

ಪ್ರೀತಿಯಿಂದ,
ನಿನ್ನ ಅಣ್ಣ