ಅಷ್ಟು ಎತ್ತರದಲ್ಲಿ ಕೆರೆ ಅಗೆದವರು ಯಾರು? ಎಂಟನೇ ತರಗತಿಯ ಪಾಲಕರಿಗೆ ಪತ್ರ

ಶಿರಸಿ

ಪ್ರೀತಿಯ ಪಾಲಕರೇ, ನಮಸ್ಕಾರ.

ಕಳೆದ ವಾರ ಎಂಟನೇ ತರಗತಿಗೆ ಹಿಮಾಲಯದ ಪಾಠ ಮಾಡುತ್ತಿದ್ದೆ. ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿರುವ ಚಂದ್ರತಾಲ ಸರೋವರದ ಚಿತ್ರ ತೋರಿಸಿದಾಗ ಒಬ್ಬ ಹುಡುಗಿ ಎದ್ದು, "ಮೇಡಂ, ಅಷ್ಟು ಎತ್ತರಕ್ಕೆ ಹೋಗಿ ಕೆರೆ ಅಗೆದವರು ಯಾರು?" ಎಂದು ಕೇಳಿದಳು. ಕೆಲವರು ನಕ್ಕರು. ನನಗೆ ಮಾತ್ರ ಬಹಳ ಖುಷಿಯಾಯಿತು. ಕೋಟೆಕೆರೆಯ ಪಕ್ಕದಲ್ಲೇ ದಿನಾ ಓಡಾಡುವ ಮಗು ಅದು. ಕೆರೆ ಎಂದರೆ ಜನ ಅಗೆದು ಏರಿ ಕಟ್ಟಿದ್ದು ಎಂದೇ ಅವಳಿಗೆ ಗೊತ್ತು. ಈ ತಿಂಗಳ ಭೂಗೋಳವನ್ನು ಅವಳ ಪ್ರಶ್ನೆಯಿಂದಲೇ ಕಲಿಸೋಣ ಅಂತ ಮಾಡಿದ್ದೇವೆ. ನಿಮ್ಮ ಸಹಾಯ ಬೇಕು.

ಆ ಕೆರೆ ತೋಡಿದ್ದು ಮಂಜುಗಡ್ಡೆ. ನಮ್ಮ ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಂದ್ರತಾಲ 4,200 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಕಿಟಕಿಯಲ್ಲೇ ಇದು ಗೊತ್ತಾಗುತ್ತದೆ, ಅಲ್ವಾ? ಹಿಮಾಲಯದ ತೀರಾ ಎತ್ತರದಲ್ಲಿ ಬೇಸಿಗೆಯಲ್ಲೂ ಹಿಮ ಪೂರ್ತಿ ಕರಗುವುದಿಲ್ಲ. ವರ್ಷದ ಮೇಲೆ ವರ್ಷ ಒತ್ತಿಕೊಂಡು ಗಡ್ಡೆಯಾಗಿ, ತನ್ನದೇ ಭಾರಕ್ಕೆ ಮೆಲ್ಲಗೆ ಕೆಳಗೆ ಜಾರುತ್ತದೆ. ಅದೇ ಹಿಮನದಿ. ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಬಂಡೆಯನ್ನು ಉಜ್ಜಿ ಉಜ್ಜಿ ಬಟ್ಟಲಿನ ಹಾಗೆ ತೋಡುತ್ತದೆ. ಹೊತ್ತು ತಂದ ಕಲ್ಲುಮಣ್ಣನ್ನು ತುದಿಯಲ್ಲಿ ಗುಡ್ಡೆ ಹಾಕುತ್ತದೆ. ಗಡ್ಡೆ ಕರಗಿ ಹಿಂದೆ ಸರಿದರೆ ಬಟ್ಟಲಿನಲ್ಲಿ ನೀರು ನಿಲ್ಲುತ್ತದೆ, ಆ ಗುಡ್ಡೆಯೇ ಏರಿಯಾಗುತ್ತದೆ. ಕಾಶ್ಮೀರದ ಹರಮುಖ ಪರ್ವತದ ಬುಡದಲ್ಲಿರುವ ಗಂಗಾಬಲ್ ಕೂಡ ಹಿಮನದಿ ಮಾಡಿದ ಕೆರೆಯೇ. ಇಂಥ ಎಷ್ಟೋ ಕೆರೆಗಳ ಹಸಿರು-ನೀಲಿ ಬಣ್ಣವೂ ಆ ಉಜ್ಜಾಟದಿಂದಲೇ ಬಂದದ್ದು. ಹಿಟ್ಟಿನಷ್ಟು ನುಣ್ಣಗಾದ ಕಲ್ಲಿನ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಮಳೆ ಎಷ್ಟು ಸುರಿದರೂ ಹಿಮ ಕೂಡಿಬೀಳುವಷ್ಟು ಚಳಿ ಇಲ್ಲ. ಇಲ್ಲಿ ಕೆರೆಗೆ ಗುದ್ದಲಿಯೇ ಬೇಕಾಯಿತು.

ಮಂಜುಗಡ್ಡೆ ಹಾಕಿದ ಏರಿಗೆ ಕೋಡಿ ಬಿಟ್ಟವರಿಲ್ಲ, ಕಾಯುವವರೂ ಇಲ್ಲ. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರ ಒಡೆದು ತೀಸ್ತಾ ನದಿ ಉಕ್ಕಿತು. ಚುಂಗ್‌ಥಾಂಗಿನ ಅಣೆಕಟ್ಟೆಯೇ ಕೊಚ್ಚಿಹೋಯಿತು, ತುಂಬಾ ಜನ ತೀರಿಕೊಂಡರು. ಬಿಸಿ ಹೆಚ್ಚಿದಂತೆ ಹಿಮನದಿಗಳು ಕರಗಿ ಇಂಥ ಕೆರೆಗಳು ದೊಡ್ಡದಾಗುತ್ತಿವೆ. ಮಕ್ಕಳಿಂದ ಇದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಈಗ ಕೆಲಸದ ಮಾತು. ಬರುವ ಶನಿವಾರ ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಕೆರೆ ಮಾಡುತ್ತಾರೆ. ಒಂದು ಡಬ್ಬಿಯಲ್ಲಿ ಮರಳು, ಸಣ್ಣ ಕಲ್ಲು ಹಾಕಿ, ನೀರು ತುಂಬಿ, ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಕಳಿಸಿ. ಫ್ರಿಜ್ ಇಲ್ಲದಿದ್ದರೆ ಚಿಂತೆ ಬೇಡ, ಶಾಲೆಯಲ್ಲಿ ಜಾಸ್ತಿ ಮಾಡಿಟ್ಟಿರುತ್ತೇವೆ. ಅದನ್ನು ಹಸಿ ಮಣ್ಣಿನ ಇಳಿಜಾರಿನ ಮೇಲೆ ಒತ್ತಿ ಎಳೆದು, ಕರಗಲು ಬಿಡುತ್ತಾರೆ. ಅಂಗಡಿಯಿಂದ ಥರ್ಮೋಕೋಲ್ ಮಾದರಿ ದಯವಿಟ್ಟು ತರಬೇಡಿ. ಹೋದ ವರ್ಷ ಅಂಥವು ಹನ್ನೆರಡು ಬಂದಿದ್ದವು, ಮಕ್ಕಳ ಕೈಗೆ ಮಣ್ಣೇ ಆಗಲಿಲ್ಲ. ಬಟ್ಟೆ ಕೊಳೆಯಾಗುತ್ತದೆ, ಹಳೆಯದು ಹಾಕಿ ಕಳಿಸಿ.

ಇನ್ನೊಂದು ವಿಷಯ. ನಿಮ್ಮಲ್ಲಿ ಕೆಲವರ ದೇವರ ಪೀಠದಲ್ಲಿ ಸಾಲಿಗ್ರಾಮ ಇರಬಹುದು. ಅದು ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಕಲ್ಲು. ಅದರೊಳಗಿನ ಸುರುಳಿ ಒಂದು ಕಾಲದ ಸಮುದ್ರಜೀವಿಯ ಚಿಪ್ಪಿನ ಗುರುತು. ಭಾರತದ ನೆಲ ಏಷ್ಯಾಕ್ಕೆ ಬಂದು ಒತ್ತಲು ಶುರುವಾಗಿ ಸುಮಾರು 5 ಕೋಟಿ ವರ್ಷವಾಯಿತು. ನಡುವೆ ಇದ್ದ ಸಮುದ್ರದ ತಳವೇ ಮಡಚಿಕೊಂಡು ಹಿಮಾಲಯವಾಗಿ ಮೇಲೆದ್ದಿತು. 8,848.86 ಮೀಟರ್ ಎತ್ತರದ ಎವರೆಸ್ಟಿನ ತುದಿಯ ಸುಣ್ಣಕಲ್ಲು ಕೂಡ ಸಮುದ್ರದಲ್ಲಿ ಹುಟ್ಟಿದ್ದು. ಸಾಲಿಗ್ರಾಮ ಪೂಜೆಯ ವಸ್ತು, ಶಾಲೆಗೆ ಕಳಿಸುವುದು ಬೇಡ. ಪೂಜೆಯ ಹೊತ್ತಿಗೆ ಮಗುವನ್ನು ಕರೆದು ತೋರಿಸಿ, ಸಾಕು.

ಸೈನ್ಯದಲ್ಲಿದ್ದು ಲಡಾಖ್ ಕಡೆ ಕೆಲಸ ಮಾಡಿ ಬಂದವರು ನಿಮ್ಮ ಮನೆಯಲ್ಲಿ ಇದ್ದರೆ ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಲು ಹೇಳಿ. ಭಾಷಣ ಬೇಡ. ಅಲ್ಲಿ ಅನ್ನ ಬೇಯಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಉಸಿರು ಹೇಗೆ ಕಟ್ಟುತ್ತಿತ್ತು, ಅಲ್ಲಿಯ ಪ್ಯಾಂಗಾಂಗ್ ಸರೋವರದ ಉಪ್ಪು ನೀರೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಹೇಗೆ ಕಾಣುತ್ತಿತ್ತು ಅಂತ ಹೇಳಿದರೆ ಆಯಿತು. ಬರುವವರು ಶುಕ್ರವಾರದೊಳಗೆ ಮಗುವಿನ ಕೈಲಿ ಒಂದು ಚೀಟಿ ಕಳಿಸಿ.

ನಿಮ್ಮ,
ಮುಖ್ಯ ಶಿಕ್ಷಕಿ