ಹಡಗಿನ ಫೋಟೊ ಬಂತು, ಸ್ಪೇರ್ ಪಾರ್ಟ್ಸ್ ಸುದ್ದಿ ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ನೌಕಾಪಡೆ ಡೆಸ್ಟ್ರಾಯರ್‌ಗಳ (ದೊಡ್ಡ ಯುದ್ಧನೌಕೆಗಳು) ಬಗ್ಗೆ ನಿಮ್ಮ ಪೇಪರಲ್ಲಿ ಏನೇ ಬಂದ್ರೂ ಓದ್ತೀನಿ. ಬ್ರಹ್ಮೋಸ್ ಕ್ಷಿಪಣಿ ಎಷ್ಟು ದೂರ ಹೋಗುತ್ತೆ, ಹಡಗು ಎಷ್ಟುದ್ದ, ಯಾವ ಮಂತ್ರಿ ಬಂದಿದ್ರು ಎಲ್ಲಾ ಇರುತ್ತೆ, ಇಂಜಿನ್ ಎಲ್ಲಿದು, ಕೆಟ್ರೆ ಪಾರ್ಟ್ಸ್ ಯಾರು ಕೊಡ್ತಾರೆ ಅನ್ನೋದು ಮಾತ್ರ ಒಂದು ಸಾಲೂ ಇರಲ್ಲ.

ನಮ್ಮೂರ ಹೆಸರಿನ ಐಎನ್‌ಎಸ್ ಮೈಸೂರನ್ನೇ ತಗೊಳ್ಳಿ. ಲಾಂಛನದಲ್ಲಿ ಗಂಡಭೇರುಂಡ, ಕಟ್ಟಿದ್ದು ಮುಂಬೈನ ಮಜಗಾಂವ್ ಡಾಕ್‌ನಲ್ಲಿ, ಆದ್ರೆ ಒಳಗಿರೋ ನಾಕು ಗ್ಯಾಸ್ ಟರ್ಬೈನ್ (ವಿಮಾನದ ಜೆಟ್ ಇಂಜಿನ್ ಥರದ್ದು, ಹಡಗು ಓಡಿಸೋ ಇಂಜಿನ್) ಉಕ್ರೇನಿನ ಮೈಕೊಲೈವ್ ಊರಿನ ಜೋರ್ಯಾ ಕಾರ್ಖಾನೆದು. 1991ರಲ್ಲಿ ಕಟ್ಟೋಕೆ ಶುರು ಮಾಡಿದ್ರು, ಆ ವರ್ಷ ಮುಗಿಯೋದ್ರೊಳಗೆ ಉಕ್ರೇನ್ ಸೇರಿದ್ದ ಸೋವಿಯತ್ ಒಕ್ಕೂಟನೇ ಇಲ್ಲ! ಒಪ್ಪಂದ ಮಾಡ್ಕೊಂಡ ಸರ್ಕಾರ ಹೋಯ್ತು, ಸಾಮಾನು ಮಾಡೋ ಫ್ಯಾಕ್ಟರಿಗಳು ಬೇರೆ ಬೇರೆ ದೇಶದ ಪಾಲಾದ್ವು, ಹಡಗು ಸೇವೆಗೆ ಸೇರೋ ಹೊತ್ತಿಗೆ 1999. ಅದಕ್ಕೂ ಹಳೇ ರಜಪೂತ್ ಕ್ಲಾಸಿನ (ಒಂದೇ ವಿನ್ಯಾಸದ ಹಡಗುಗಳ ಗುಂಪಿಗೆ ಕ್ಲಾಸ್ ಅಂತಾರೆ) ಐದು ಹಡಗಂತೂ ಇಡೀ ಹಡಗೇ ಮೈಕೊಲೈವಲ್ಲಿ ಕಟ್ಟಿದ್ದು.

ಇಷ್ಟೆಲ್ಲಾ ಆದ್ಮೇಲೂ ಕೋಲ್ಕತ್ತ ಕ್ಲಾಸಿಗೆ, ಆಮೇಲೆ ವಿಶಾಖಪಟ್ಟಣ ಕ್ಲಾಸಿಗೆ ಮತ್ತೆ ಅದೇ ಕಾರ್ಖಾನೆ ಟರ್ಬೈನ್. ಒಳ್ಳೇ ಇಂಜಿನ್ನೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಲಾರಿ ಇಂಜಿನ್ ಥರ ನಿಂತಲ್ಲೇ ಬಿಚ್ಚಿ ರಿಪೇರಿ ಮಾಡೋ ವಸ್ತು ಅಲ್ಲ ಅದು. ಸಮುದ್ರದ ಉಪ್ಪುಗಾಳಿ ಫಿಲ್ಟರ್ ದಾಟಿ ಒಳಗೆ ಹೋಗಿ ಬ್ಲೇಡ್ ಮೇಲೆ ಕೂರುತ್ತೆ, ಗಾಳಿ ಒತ್ತೋ ಕಂಪ್ರೆಸರನ್ನ ಆಗಾಗ ತೊಳೀಬೇಕು, ಬಿಸಿ ಕಡೆ ಇರೋ ಬ್ಲೇಡ್‌ಗಳು ನಿಕ್ಕಲ್ ಮಿಶ್ರಲೋಹದವು, ಅವು ತಿಂದು ಹೋದ್ರೆ ಯಾವ ವರ್ಕ್‌ಶಾಪಲ್ಲೂ ಎರಕ ಹೊಯ್ದು ಕೊಡೋಕಾಗಲ್ಲ. ದೊಡ್ಡ ಕೆಲಸಕ್ಕೆ ಬಂದ್ರೆ ಇಡೀ ಟರ್ಬೈನನ್ನೇ ಹೊರಗೆಳೆದು ಓವರ್‌ಹಾಲ್‌ಗೆ ಕಳಿಸ್ಬೇಕು. ಅದಕ್ಕೆ ವಿಶಾಖಪಟ್ಟಣದಲ್ಲಿ ನೌಕಾಪಡೆದೇ ಐಎನ್‌ಎಸ್ ಏಕಶಿಲಾ ಇದೆ (ಹೆಸರು ಹಡಗಿನ ಥರ ಇದ್ರೂ ಅದು ದಡದ ಮೇಲಿರೋ ಟರ್ಬೈನ್ ರಿಪೇರಿ ಕೇಂದ್ರ), ನಮ್ಮೋರು ಕೆಲಸ ಗೊತ್ತಿದ್ದೋರೇ. ಕೈ ಇದ್ರೆ ಸಾಕಾ, ಬ್ಲೇಡು ಬೇರಿಂಗು ಸೀಲು ಬೇಕಲ್ವಾ?

2022ರಲ್ಲಿ ರಷ್ಯಾ ಕ್ಷಿಪಣಿ ಬಿದ್ದ ಊರುಗಳಲ್ಲಿ ಮೈಕೊಲೈವೂ ಒಂದು, ಜೋರ್ಯಾ ಮೇಲೂ ದಾಳಿ ಆಯ್ತು. ತಮಾಷೆ ನೋಡಿ, 2024ರ ಡಿಸೆಂಬರಲ್ಲಿ ರಷ್ಯಾದಲ್ಲೇ ನಮ್ಮ ಕೈಗೆ ಕೊಟ್ಟ ಐಎನ್‌ಎಸ್ ತುಶಿಲ್ (ಅದು ಫ್ರಿಗೇಟ್, ಅಂದ್ರೆ ಡೆಸ್ಟ್ರಾಯರ್‌ಗಿಂತ ಸಣ್ಣ ಯುದ್ಧನೌಕೆ) ಓಡೋದೂ ಉಕ್ರೇನ್ ಟರ್ಬೈನ್ ಮೇಲೇ. ಉಕ್ರೇನ್ ರಷ್ಯಾಕ್ಕೆ ಕೊಡಲ್ಲ ಅಂತು, ನಾವು ಕೊಂಡು ಅಲ್ಲಿಗೆ ತಲುಪಿಸಿದ್ವಿ.

ಈಗ ಸ್ಟಾಕ್ ಎಷ್ಟಿದೆ ಅಂತ ಲೆಕ್ಕ ಕೇಳ್ತಿಲ್ಲ, ಅದು ಗುಟ್ಟಾಗೇ ಇರಲಿ. ಆದ್ರೆ ಬೆಂಗಳೂರಲ್ಲೇ ಎಚ್‌ಎಎಲ್‌ನ ಮರೈನ್ ಗ್ಯಾಸ್ ಟರ್ಬೈನ್ ವಿಭಾಗ ಇದೆ, ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಹಾಕಿರೋ ಅಮೆರಿಕನ್ ಎಲ್‌ಎಂ2500 ಟರ್ಬೈನ್ ಜೋಡಿಸಿದ್ದು ಅವ್ರೇ. ಉಕ್ರೇನ್ ಟರ್ಬೈನಿನ ಯಾವ್ಯಾವ ಪಾರ್ಟ್ ಇಲ್ಲೇ ಮಾಡಬಹುದು, ಯಾವ್ದು ಆಗಲ್ಲ, ಆಗ್ದೇ ಇರೋಕೆ ಕಾರಣ ಲೋಹನಾ ಲೈಸೆನ್ಸಾ, ಇಷ್ಟನ್ನ ನಿಮ್ಮ ವರದಿಗಾರರು ಹೋಗಿ ಕೇಳಿ ಬರೀಲಿ, ಅರ್ಧ ಪುಟ ಕೊಟ್ರೂ ಸಾಕು.

ಇಂತಿ,
ಒಬ್ಬ ಓದುಗ, ಮೈಸೂರು