ಭೌತಶಾಸ್ತ್ರ ಪರೀಕ್ಷೆ: ಕೊನೆಯ ವಾರ ಖಾಲಿ ಹಾಳೆ ಕೊಡಿ

ಮಾನ್ಯ ಸಂಪಾದಕರೇ,

ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಗೆ ಇನ್ನು ವಾರ ಹತ್ತು ದಿನ ಇದೆ ಅನ್ನುವಾಗ ಮಕ್ಕಳು ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬೇರೆ ವಿಷಯದವರು ಒಂದು ಪ್ರಶ್ನೆ ಹಿಡಿದು ಬಂದಿರುತ್ತಾರೆ. ನನ್ನ ಹತ್ತಿರ ಬರುವವರು "ಮೇಡಂ, ಏನೂ ಬರ್ತಿಲ್ಲ" ಅಂದು ಸುಮ್ಮನಾಗುತ್ತಾರೆ. ಏನು ಬರುತ್ತಿಲ್ಲ ಅಂತ ಕೇಳಿದರೆ ಅದನ್ನು ಹೇಳಲೂ ಬರುವುದಿಲ್ಲ.

ಮೊನ್ನೆ ಬಂದ ಹುಡುಗಿ ಇಡೀ ಪುಸ್ತಕ ಮೂರು ಸಲ ಓದಿ ಮುಗಿಸಿದ್ದಳು. ಸೂತ್ರಗಳಿಗೆ ಹಳದಿ, ವ್ಯಾಖ್ಯೆಗಳಿಗೆ ಗುಲಾಬಿ ಬಣ್ಣ ಬಳಿದಿದ್ದಳು. ಬೆವರಿದ ಬೆರಳು ತಾಗಿ ತಾಗಿ ಪುಟದಂಚೆಲ್ಲ ಮೆತ್ತಗಾಗಿತ್ತು. ಇಳಿಜಾರು ಹಲಗೆಯ ಮೇಲೆ ಜಾರುವ ಮರದ ತುಂಡಿನ ಲೆಕ್ಕ ತೋರಿಸಿ, ಇದು ಗೊತ್ತಾ ಎಂದೆ. "ಗೊತ್ತು ಮೇಡಂ, ನಾಲ್ಕು ಸಲ ನೋಡಿದೀನಿ" ಅಂದಳು.

ಪುಸ್ತಕ ಮುಚ್ಚಿಸಿ ಒಂದು ಖಾಲಿ ಹಾಳೆ ಕೊಟ್ಟೆ. ಹಲಗೆ ಬರೆದಳು, ತುಂಡು ಬರೆದಳು. ತೂಕದ ಬಾಣ ಎಳೆಯಬೇಕಾದ ಕಡೆ ಪೆನ್ನು ನಿಂತಿತು. ಆಮೇಲೆ ಹಲಗೆಗೆ ಲಂಬವಾಗಿ ಎಳೆದುಬಿಟ್ಟಳು. ಹಲಗೆ ಎಷ್ಟೇ ಓರೆಯಾಗಿರಲಿ, ಭೂಮಿ ಎಳೆಯುವುದು ನೇರ ಕೆಳಕ್ಕೇ. ಅದನ್ನು ಅವಳು ಓದಿದ್ದಳು, ಚಿತ್ರದಲ್ಲಿ ನೋಡಿಯೂ ಇದ್ದಳು. ತನ್ನ ಕೈಯಿಂದ ಒಮ್ಮೆಯೂ ಎಳೆದಿರಲಿಲ್ಲ, ಅಷ್ಟೇ. ಬಾಣ ತಿದ್ದಿಕೊಂಡಳೋ ಇಲ್ಲವೋ, ಇನ್ನೊಂದು ಗೊಂದಲ: ಹಲಗೆಯ ಗುಂಟ ಎಳೆಯುವ ಬಲಕ್ಕೆ ಸೈನ್ ಹಾಕಬೇಕೋ, ಕೊಸೈನೋ? ಕಣ್ಣು ತುಂಬಿ ಬಂತು.

ನೆನಪು ಮಾಡಿಕೊಳ್ಳಬೇಡ, ಮನಸ್ಸಿನಲ್ಲೇ ಹಲಗೆಯನ್ನು ತಗ್ಗಿಸುತ್ತಾ ಬಾ ಎಂದೆ. ಪೂರ್ತಿ ಸಮತಟ್ಟಾದರೆ ತುಂಡು ಜಾರುತ್ತದಾ? ಇಲ್ಲ. ಹಾಗಾದರೆ ಕೋನ ಸೊನ್ನೆಯಾದಾಗ ಆ ಬಲವೂ ಸೊನ್ನೆಯಾಗಬೇಕು ತಾನೆ, ಸೈನ್ ಮತ್ತು ಕೊಸೈನ್‌ಗಳಲ್ಲಿ ಸೊನ್ನೆ ಡಿಗ್ರಿಗೆ ಸೊನ್ನೆ ಬರುವುದು ಯಾವುದಕ್ಕೆ? "ಸೈನ್!" ಅಂದಳು. ಆಮೇಲೆ ನಾನು ಹೇಳದೆಯೇ, ಹಲಗೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು 90 ಡಿಗ್ರಿಗೂ ತಾಳೆ ನೋಡಿದಳು. ಅಷ್ಟು ಹೊತ್ತು ಕಿವಿಯವರೆಗೆ ಏರಿದ್ದ ಅವಳ ಭುಜಗಳು ಆಗ ಇಳಿದವು.

ಸೋಮಾರಿ ಮಗುವಲ್ಲ ಅದು. ರಾತ್ರಿ ಒಂದು ಗಂಟೆಯವರೆಗೆ ಓದುತ್ತದೆ. ಆದರೆ ಓದಿದ್ದನ್ನೇ ಓದಿದಾಗ ಪುಟ ಪರಿಚಿತವಾಗುತ್ತದೆ, ಆ ಪರಿಚಯವನ್ನೇ ಮಕ್ಕಳು ತಿಳಿವಳಿಕೆ ಅಂದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಎದುರಿಗಿರುವುದು ಖಾಲಿ ಹಾಳೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ತೋರಿಸಿದೆ. ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೋಡದೆ ಬರೆಯಲು ಪ್ರಯತ್ನಿಸಿದವರು ಎರಡು ದಿನ ಕಳೆದಾಗ, ವಾರ ಕಳೆದಾಗ ಮುಂದೆ ಬಂದರು. ಅದು ಗದ್ಯದ ಮಾತು; ಲೆಕ್ಕ ಬಿಡಿಸುವ ವಿಷಯದಲ್ಲಿ ನನ್ನ ತರಗತಿಯಲ್ಲಿ ಕಾಣುತ್ತಿರುವುದೂ ಅದೇ.

ಇದರಲ್ಲಿ ನನ್ನ ತಪ್ಪೂ ಇದೆ. ಎಷ್ಟೋ ವರ್ಷ ಕೊನೆಯ ವಾರದಲ್ಲಿ "ಬರುವ ಸಾಧ್ಯತೆ ಇರುವ ಪ್ರಶ್ನೆಗಳು" ಅಂತ ಪಟ್ಟಿ ಮಾಡಿ, ಉತ್ತರ ಸಮೇತ ಹಂಚಿದ್ದೇನೆ. ಮಕ್ಕಳಿಗೆ ಧೈರ್ಯ ಬರಲಿ ಎಂದೇ ಮಾಡಿದ್ದು. ಪಟ್ಟಿಯಲ್ಲಿದ್ದ ಲೆಕ್ಕವೇ ಕೋನ ಬದಲಾಗಿ ಬಂದಾಗ, ಅಥವಾ ಘರ್ಷಣೆ ಸೇರಿಕೊಂಡು ಬಂದಾಗ, ಚೆನ್ನಾಗಿ ಓದಿದ ಮಕ್ಕಳೇ ಅಳುತ್ತಾ ಹೊರಬಂದದ್ದನ್ನು ನೋಡಿದ ಮೇಲೆ ನಿಲ್ಲಿಸಿದೆ. ಈಗ ಕೊನೆಯ ವಾರ ಪುಸ್ತಕ ಮುಚ್ಚಿ ಬಿಡಿಸುವುದೊಂದೇ. ಮೊದಲು ಚಿತ್ರ, ಆಮೇಲೆ ಬಾಣಗಳು, ಕೊನೆಗೆ ಸೂತ್ರ. ಉತ್ತರ ಬಂದ ಮೇಲೆ ಏಕಮಾನ ಸರಿಯಿದೆಯೇ ಅಂತ ನೋಡಬೇಕು. 1999ರಲ್ಲಿ ಮಂಗಳ ಗ್ರಹಕ್ಕೆ ಹೊರಟಿದ್ದ ನಾಸಾದ ನೌಕೆ ನಾಶವಾದದ್ದು, ಒಂದು ಕಡೆಯ ಲೆಕ್ಕ ಪೌಂಡಿನಲ್ಲೂ ಇನ್ನೊಂದು ಕಡೆಯದು ನ್ಯೂಟನ್‌ನಲ್ಲೂ ಇದ್ದದ್ದರಿಂದ ಎಂದು ಹೇಳಿದ ಮೇಲೆ ನನ್ನ ತರಗತಿಯಲ್ಲಿ ಏಕಮಾನ ಬಿಡುವವರು ಕಡಿಮೆಯಾಗಿದ್ದಾರೆ.

ಇಷ್ಟಾದರೂ ಪರೀಕ್ಷೆಯ ದಿನ ಕೈ ನಡುಗುವುದು ಪೂರ್ತಿ ನಿಲ್ಲುವುದಿಲ್ಲ. ಲೆಕ್ಕ ಬಿಡಿಸುವಾಗ ನಾಲ್ಕೈದು ಸಂಗತಿಗಳನ್ನು ಒಟ್ಟಿಗೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆ ಜಾಗವನ್ನು ಭಯ ಆಕ್ರಮಿಸಿದರೆ ಗೊತ್ತಿದ್ದದ್ದೂ ಹೊಳೆಯುವುದಿಲ್ಲ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಆತಂಕವನ್ನು ಇದ್ದ ಹಾಗೆ ಬರೆದ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರೆಂದು ರಾಮಿರೆಜ್ ಮತ್ತು ಬೈಲಾಕ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಕಿರುಪರೀಕ್ಷೆಗಳ ಮುಂಚೆ ನಾನೂ ಬರೆಸುತ್ತೇನೆ. ಬರೆದದ್ದನ್ನು ನಾನು ಓದುವುದಿಲ್ಲ, ಹರಿದು ಹಾಕಲು ಹೇಳುತ್ತೇನೆ. ಒಬ್ಬ ಹುಡುಗ ಮಾತ್ರ ತಾನಾಗಿಯೇ ತಂದು ತೋರಿಸಿದ. "ಫೇಲಾದ್ರೆ ಮನೇಲಿ ಯಾರೂ ಮಾತಾಡಲ್ಲ" ಅಂತ ಒಂದೇ ಸಾಲು ಇತ್ತು. ಆ ಹಾಳೆಯನ್ನು ಹರಿಯಲು ನನಗೆ ಕೈ ಬರಲಿಲ್ಲ.

ಆದ್ದರಿಂದ ತಂದೆ ತಾಯಂದಿರಲ್ಲಿ ಒಂದು ವಿನಂತಿ. ಈ ದಿನಗಳಲ್ಲಿ "ಎಷ್ಟು ಪಾಠ ಮುಗೀತು?" ಎಂದು ಕೇಳಬೇಡಿ. "ಇವತ್ತು ನೋಡದೆ ಬಿಡಿಸಿದ ಒಂದು ಲೆಕ್ಕ ನನಗೆ ಹೇಳಿಕೊಡು" ಅನ್ನಿ. ನಿಮಗೆ ಭೌತಶಾಸ್ತ್ರ ಗೊತ್ತಿರಬೇಕಾಗಿಲ್ಲ. ಮಗು ಎಲ್ಲಿ ತಡವರಿಸಿತೋ ಅಲ್ಲಿಗೆ ಬೆರಳಿಡಿ, ನಾಳೆ ಅದನ್ನೇ ಮೇಷ್ಟ್ರ ಹತ್ತಿರ ಕೇಳಿಕೊಂಡು ಬಾ ಎಂದು ಹೇಳಿ ಮಲಗಿಸಿ.

ಸಹೋದ್ಯೋಗಿಗಳಲ್ಲೂ ಕೇಳಿಕೊಳ್ಳುವುದು ಇಷ್ಟೇ: ಕೊನೆಯ ವಾರದ ಪುನರಾವರ್ತನೆ ತರಗತಿಗಳಲ್ಲಿ ಕಪ್ಪುಹಲಗೆಯ ಮೇಲೆ ನಾವು ಬಿಡಿಸುವುದನ್ನು ನಿಲ್ಲಿಸೋಣ. ಸೀಮೆಸುಣ್ಣ ಕೆಳಗಿಟ್ಟು ಬೆಂಚುಗಳ ನಡುವೆ ಓಡಾಡೋಣ. ಯಾವ ಮಗುವಿನ ಪೆನ್ನು ಎಲ್ಲಿ ನಿಲ್ಲುತ್ತದೆ ಅನ್ನುವುದು ಅಲ್ಲಿಂದ ಮಾತ್ರ ಕಾಣುತ್ತದೆ.

ಇಂತಿ,
ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ